ಮಣ್ಣಿನ ಸ್ಟುಡಿಯೋದಿಂದ ಸಂತೆಗೆ, ಗ್ಯಾಲರಿಗೆ: ಹತ್ತು ವಾರ ಮುಂಚಿಂದ ತಯಾರಿ ಮಾಡ್ಕೊಳ್ಳೋದು ಹೆಂಗೆ

ಸ್ಟಾಲ್‌ಗೆ ದುಡ್ಡು ಕಟ್ಟಿ ಆಮೇಲೆ ಮಾಲು ಮಾಡೋಕೆ ಕೂತ್ಕೊಳ್ಳೋದು, ಹೊಸದಾಗಿ ಪಾಟರಿ ಸ್ಟುಡಿಯೋ ಶುರು ಮಾಡಿದವ್ರು ಸುಮಾರು ಜನ ಮಾಡೋದು ಇದೇ, ನಾವೂ ಮೊದಲನೇ ವರ್ಷ ಹಂಗೇ ಮಾಡಿದ್ವಿ. ಬೆಂಗಳೂರಲ್ಲಿ ನಂದೂ ನನ್ನ ಗೆಳತೀದೂ ಸೇರಿ ಒಂದು ಸಣ್ಣ ಸ್ಟುಡಿಯೋ, ಎರಡು ವೀಲು (ತಿಗರಿ), ಒಂದು ಎಲೆಕ್ಟ್ರಿಕ್ ಕಿಲ್ನ್ (ಪಾತ್ರೆ ಸುಡೋ ಗೂಡು), ವಾರಕ್ಕೆ ನಾಲ್ಕು ದಿನ ಕ್ಲಾಸು. ಅಂಥಾ ಜಾಗದಿಂದ ಎರಡು ದಿನದ ಕ್ರಾಫ್ಟ್ ಮೇಳಕ್ಕೋ ಗ್ರೂಪ್ ಶೋಗೋ ಹೋಗ್ಬೇಕು ಅಂದ್ರೆ ಏನೇನು ಮಾಡ್ಬೇಕು ಅನ್ನೋದನ್ನ ಒಂದೊಂದೇ ಹೇಳ್ತಾ ಹೋಗ್ತೀನಿ. ಎಲ್ಲಕ್ಕಿಂತ ಮೊದಲು ತಲೇಲಿ ಇಟ್ಕೊಳ್ಳಿ, ಸಂತೆ ಶುರುವಾಗೋದು ಸ್ಟಾಲಲ್ಲಿ ಅಲ್ಲ, ಕಿಲ್ನ್‌ನಲ್ಲಿ. ನಿಮ್ಮ ಕಿಲ್ನ್ ಒಂದು ಸಲಕ್ಕೆ ಎಷ್ಟು ಸುಡುತ್ತೆ ಅನ್ನೋದೇ ನೀವು ಎಂಥಾ ಮೇಳಕ್ಕೆ ಹೋಗ್ಬೋದು ಅಂತ ತೀರ್ಮಾನ ಮಾಡೋದು.

ಮೊದಲು: ಸಂತೆನಾ, ಗ್ಯಾಲರಿನಾ

ಎರಡನ್ನೂ ಒಂದೇ ಅನ್ಕೊಂಡು ಹೊರಟ್ರೆ ಎರಡರಲ್ಲೂ ಸೋಲ್ತೀವಿ. ಮೇಳಕ್ಕೆ ಬರೋರು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಬೆಲೆ ಕೇಳಿ, ಮನೆಗೆ ತಗೊಂಡು ಹೋಗೋಕೆ ಬರೋರು, ಅಲ್ಲಿ ನೂರೈವತ್ತು ಇನ್ನೂರು ಪೀಸ್ ಇರ್ಬೇಕು, ಅದರಲ್ಲಿ ಅರ್ಧದಷ್ಟು ದಿನಬಳಕೆಗೆ ಆಗೋ ಮಗ್ಗು, ಬೌಲು, ಸಣ್ಣ ತಟ್ಟೆ ಆಗಿರ್ಬೇಕು. ಗ್ಯಾಲರಿಲಿ ಎಂಟೋ ಹತ್ತೋ ಕೆಲಸ ಸಾಕು, ಆದ್ರೆ ಆ ಹತ್ತೂ ಒಂದೇ ಯೋಚನೆ ಇಟ್ಕೊಂಡು ಹುಟ್ಟಿರ್ಬೇಕು. ಮೇಳದಲ್ಲಿ ಉಳಿದ ಮಾಲನ್ನ ಗ್ಯಾಲರಿಗೆ ಕಳ್ಸೋದು ಬೇಡ, ನೋಡೋರಿಗೆ ತಕ್ಷಣ ಗೊತ್ತಾಗತ್ತೆ.

ನಮ್ಮ ಕಡೆ ಜಾಗಗಳು ಬೇಕಾದಷ್ಟಿವೆ. ಬೆಂಗಳೂರಿನ ಕುಮಾರಕೃಪ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ವರ್ಷದಲ್ಲಿ ಹಲವು ಸಲ ಕರಕುಶಲ ಮೇಳ ನಡೀತವೆ, ಜನವರಿ ಮೊದಲ ಭಾನುವಾರದ ಆಸುಪಾಸಿಗೆ ಅಲ್ಲೇ ಚಿತ್ರಸಂತೆ. ಆದ್ರೆ ಚಿತ್ರಸಂತೆ ಮುಖ್ಯವಾಗಿ ಚಿತ್ರ ಬರೆಯೋರ ಸಂತೆ, ಅಲ್ಲಿ ಮಗ್ಗಿನ ರಾಶಿ ಹಾಕ್ಕೊಂಡು ಕೂರೋ ಯೋಚನೆ ಬೇಡ. ದೆಹಲಿ ಮೂಲದ ದಸ್ತಕಾರ್ ಸಂಸ್ಥೆ ಬೆಂಗಳೂರಲ್ಲೂ ಬಜಾರ್ ಮಾಡತ್ತೆ. ಮೈಸೂರಲ್ಲಿ ದಸರಾ ವಸ್ತುಪ್ರದರ್ಶನ ಇದೆ, ಅದು ಎರಡು ಮೂರು ತಿಂಗಳು ನಡೆಯೋ ದೊಡ್ಡ ಜಾತ್ರೆ, ಇಬ್ಬರೇ ಇರೋ ಸ್ಟುಡಿಯೋಗೆ ಅಷ್ಟು ದಿನ ಅಂಗಡಿ ಕಾಯೋಕೆ ಆಗಲ್ಲ. ದೂರ ಅಂದ್ರೆ ದೆಹಲಿ ಪಕ್ಕ ಹರಿಯಾಣದ ಸೂರಜ್‌ಕುಂಡ್ ಮೇಳ, 1987ರಿಂದ ನಡೀತಿರೋದು, ಫೆಬ್ರವರಿಲಿ. ಗ್ಯಾಲರಿ ಕಡೆ ನೋಡಿದ್ರೆ ಸೆರಾಮಿಕ್ಸ್‌ಗೇ ಅಂತ ಇಂಡಿಯನ್ ಸೆರಾಮಿಕ್ಸ್ ಟ್ರಿಯೆನಾಲೆ ಅನ್ನೋ ದೊಡ್ಡ ಪ್ರದರ್ಶನ ಇದೆ, ಮೊದಲನೇದು 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ, ಎರಡನೇದು 2024ರಲ್ಲಿ ದೆಹಲಿಲಿ ಆಯ್ತು. ಅದಕ್ಕೆ ನಾಳೆನೇ ಅರ್ಜಿ ಹಾಕಿ ಅಂತ ಹೇಳ್ತಿಲ್ಲ, ಆದ್ರೆ ಅಲ್ಲಿ ಯಾರ್ಯಾರು ಏನು ಮಾಡಿದ್ರು ಅಂತ ಫೋಟೋಗಳನ್ನಾದ್ರೂ ನೋಡಿ, ಮಣ್ಣಲ್ಲಿ ಏನೆಲ್ಲಾ ಸಾಧ್ಯ ಅಂತ ಕಣ್ಣು ತೆರೆಯತ್ತೆ.

ಮೊದಲನೇ ಸಲ ಹೋಗೋರಿಗೆ ನನ್ನ ಸಲಹೆ: ಊರಲ್ಲೇ ಇರೋ, ಎರಡೇ ದಿನದ, ಮೇಲೆ ಸೂರಿರೋ ಮೇಳ ಹಿಡೀರಿ. ಅದಕ್ಕೂ ಮುಂಚೆ ಅದೇ ಮೇಳಕ್ಕೆ ಒಂದು ವರ್ಷ ಬರೀ ನೋಡೋಕೆ ಹೋಗಿ ಬನ್ನಿ. ಮಧ್ಯಾಹ್ನ ಮೂರಕ್ಕೂ ಸಂಜೆ ಏಳಕ್ಕೂ ಎಷ್ಟು ಜನ ಇರ್ತಾರೆ, ಕೈಯಲ್ಲಿ ಬ್ಯಾಗ್ ಹಿಡ್ಕೊಂಡು ವಾಪಸ್ ಹೋಗ್ತಿದಾರಾ ಅಥವಾ ಬರೀ ಐಸ್‌ಕ್ರೀಮ್ ತಿಂದು ಹೋಗ್ತಿದಾರಾ ಅಂತ ಗೇಟ್ ಹತ್ರ ಅರ್ಧ ಗಂಟೆ ನಿಂತ್ಕೊಂಡು ನೋಡಿ.

ಕಿಲ್ನ್ ಲೆಕ್ಕ: ಮೇಳದ ದಿನದಿಂದ ಹಿಂದಕ್ಕೆ ಎಣಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಎಲ್ಲಾ ಗಡಿಬಿಡಿ ಹುಟ್ಟೋದು ಇಲ್ಲೇ. ಮೇಳ ಡಿಸೆಂಬರ್ ಎರಡನೇ ವಾರ ಅನ್ಕೊಳ್ಳಿ, 200 ಪೀಸ್ ಬೇಕು ಅನ್ಕೊಳ್ಳಿ. ನಮ್ಮ ಕಿಲ್ನ್‌ನಲ್ಲಿ ಗ್ಲೇಜ್ (ಪಾತ್ರೆಗೆ ಹಚ್ಚೋ ಗಾಜಿನಂಥ ಲೇಪ) ಸುಡುವಾಗ ಒಂದಕ್ಕೊಂದು ತಾಗದ ಹಾಗೆ ಇಟ್ರೆ ಸುಮಾರು 45 ಮಗ್ಗು ಹಿಡಿಯತ್ತೆ. ಅಂದ್ರೆ 200 ಪೀಸ್‌ಗೆ ಐದು ಗ್ಲೇಜ್ ಫೈರಿಂಗ್. ಬಿಸ್ಕ್ ಅಂದ್ರೆ ಗ್ಲೇಜ್ ಹಚ್ಚೋ ಮುಂಚೆ ಮೊದಲನೇ ಸಲ ಸುಡೋದು, ಅದರಲ್ಲಿ ಒಂದರ ಮೇಲೊಂದು ಇಡಬಹುದು, ಆದ್ರಿಂದ ಮೂರೋ ನಾಲ್ಕೋ ಸಲಕ್ಕೆ ಮುಗಿಯತ್ತೆ. ಒಂದೊಂದು ಫೈರಿಂಗ್‌ಗೂ ಸುಡೋಕೆ ಹತ್ತು ಹನ್ನೆರಡು ಗಂಟೆ, ತಣ್ಣಗಾಗೋಕೆ ಇನ್ನೊಂದು ದಿನಕ್ಕಿಂತ ಜಾಸ್ತಿ, ಒಟ್ಟು ಎರಡು ದಿನ ಕಿಲ್ನ್ ಬಿಝಿ. ಒಂಬತ್ತು ಫೈರಿಂಗ್ ಅಂದ್ರೆ 18 ದಿನ ಬರೀ ಕಿಲ್ನ್‌ಗೇ ಹೋಯ್ತು. ಇದರ ಮೇಲೆ ಒಂದು ಫೈರಿಂಗ್ ಎಕ್ಸ್‌ಟ್ರಾ ಇಟ್ಕೊಳ್ಳಲೇಬೇಕು, ಒಂದು ಲೋಡು ಕೆಟ್ಟೇ ಕೆಡತ್ತೆ ಅಂತಲ್ಲ, ಕೆಟ್ರೆ ಮತ್ತೆ ಮಾಡೋಕೆ ದಿನ ಇರ್ಬೇಕು ಅಂತ.

ಒಣಗಿಸೋದು ಇದಕ್ಕೆ ಸೇರಿಲ್ಲ. ಬೇಸಿಗೆಲಿ ಮಗ್ಗು ಐದಾರು ದಿನಕ್ಕೆ ಒಣಗಿಬಿಡತ್ತೆ, ಆದ್ರೆ ಡಿಸೆಂಬರ್ ಮೇಳಕ್ಕೆ ನೀವು ಮಣ್ಣು ತಿಗರಿ ಮೇಲೆ ಇಡೋದು ಅಕ್ಟೋಬರ್‌ನಲ್ಲಿ, ಹಿಂಗಾರು ಮಳೆ ಟೈಮು, ಗಾಳೀಲಿ ತೇವ ತುಂಬ್ಕೊಂಡಿರತ್ತೆ, ಎರಡು ವಾರ ಆದ್ರೂ ಹಿಡಿಕೆ ಸೇರೋ ಜಾಗದಲ್ಲಿ ತಣ್ಣಗೆ ಅನ್ಸತ್ತೆ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ರೆ ಒಳಗೆ ಇನ್ನೂ ನೀರಿದೆ. ಅವಸರಕ್ಕೆ ಹಸಿ ಇರೋದನ್ನ ಕಿಲ್ನ್‌ಗೆ ಹಾಕಿದ್ರೆ ಒಳಗಿನ ನೀರು 100 ಡಿಗ್ರಿ ದಾಟಿದ ತಕ್ಷಣ ಆವಿಯಾಗಿ ಪೀಸ್ ಒಡೆದು ಪಕ್ಕದಲ್ಲಿರೋ ನಾಲ್ಕಕ್ಕೂ ಚೂರು ಬಡಿಯತ್ತೆ. ಹಂಗೇ 573 ಡಿಗ್ರಿ ಸೆಲ್ಸಿಯಸ್ ಹತ್ರ ಮಣ್ಣಲ್ಲಿರೋ ಕ್ವಾರ್ಟ್ಸ್ ರೂಪ ಬದಲಾಯಿಸಿ ಇದ್ದಕ್ಕಿದ್ದಂಗೆ ಹಿಗ್ಗತ್ತೆ, ತಣ್ಣಗಾಗುವಾಗ ಅದೇ ಜಾಗದಲ್ಲಿ ಕುಗ್ಗತ್ತೆ, ಅದಕ್ಕೇ ನಾಳೆ ಮೇಳ ಅಂತ ಕಿಲ್ನ್ ಬಾಗಿಲು ಬೇಗ ತೆಗೆದ್ರೆ ದೊಡ್ಡ ತಟ್ಟೆಗಳಲ್ಲಿ ಟಿಂಗ್ ಅಂತ ಬಿರುಕು ಬರೋದು. ಮೇಳದ ಹಿಂದಿನ ರಾತ್ರಿ ಕಿಲ್ನ್ ತೆಗೆಯೋ ಪರಿಸ್ಥಿತಿ ಬಂತು ಅಂದ್ರೆ ಆ ಲೋಡ್ ಬಿಟ್ಟು ಹೋಗಿ.

ಹಾಗಾಗಿ ನಮ್ಮ ಕ್ಯಾಲೆಂಡರ್ ಹಿಂಗಿರತ್ತೆ. ಮೊದಲ ಮೂರೂವರೆ ವಾರ ತಿಗರಿ ಕೆಲಸ, ಟ್ರಿಮ್ಮಿಂಗು (ಹೆಚ್ಚಿನ ಮಣ್ಣು ಕೆತ್ತಿ ತೆಗೆಯೋದು), ಹಿಡಿಕೆ ಅಂಟ್ಸೋದು. ಮೂರನೇ ವಾರದಿಂದಲೇ ಒಣಗಿದ್ದನ್ನ ಒಣಗಿದಂಗೆ ಬಿಸ್ಕ್‌ಗೆ ಹಾಕ್ತಾ ಹೋಗ್ತೀವಿ. ಐದನೇ ವಾರದಿಂದ ಎಂಟರ ತನಕ ಗ್ಲೇಜ್. ಒಂಬತ್ತನೇ ವಾರ ಆ ಎಕ್ಸ್‌ಟ್ರಾ ಫೈರಿಂಗು, ಟೆಸ್ಟಿಂಗು, ತಳ ಉಜ್ಜೋದು. ಹತ್ತನೇ ವಾರ ಬೆಲೆ ಚೀಟಿ, ಪ್ಯಾಕಿಂಗ್. ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟ್ಸಿ, ಕ್ಲಾಸಿಗೆ ಬರೋ ವಿದ್ಯಾರ್ಥಿಗಳಿಗೂ ಹೇಳಿ, ಈ ತಿಂಗಳು ನಿಮ್ಮ ಪೀಸ್ ಸ್ವಲ್ಪ ಲೇಟಾಗತ್ತೆ ಅಂತ, ಇಲ್ಲಾಂದ್ರೆ ಅವ್ರಿಗೂ ಬೇಜಾರು.

ಅಳತೆ ವಿಷಯ ಒಂದು: ನಮ್ಮ ಸ್ಟೋನ್‌ವೇರ್ ಮಣ್ಣು (ಜಾಸ್ತಿ ಶಾಖಕ್ಕೆ ಸುಟ್ಟಾಗ ಕಲ್ಲಿನಂಗೆ ಗಟ್ಟಿಯಾಗೋ ಮಣ್ಣು) ಹಸಿಯಿಂದ 1,220 ಡಿಗ್ರಿ ಸುಡೋ ಹೊತ್ತಿಗೆ ಸುಮಾರು ನೂರಕ್ಕೆ ಹನ್ನೆರಡರಷ್ಟು ಕುಗ್ಗತ್ತೆ. ಬಾಯಿ ಮೂರೂವರೆ ಇಂಚು ಬೇಕು ಅಂದ್ರೆ ತಿಗರಿ ಮೇಲೆ ನಾಲ್ಕು ಇಂಚು ಎಳೀಬೇಕು. ಸೆಟ್ ಮಾರೋ ಆಸೆ ಇದ್ರೆ ಮಣ್ಣನ್ನ ತೂಕ ಮಾಡಿ ಉಂಡೆ ಕಟ್ಕೊಳ್ಳಿ, ಆರು ಬೌಲ್ ಒಂದರೊಳಗೊಂದು ಕೂರ್ಬೇಕು.

ಮಾರೋಕೆ ಮುಂಚೆ ಪರೀಕ್ಷೆ

ಇದನ್ನ ಬಿಡಲೇಬೇಡಿ, ಜನ ನಿಮ್ಮನ್ನ ನಂಬಿ ಮಕ್ಕಳಿಗೆ ಹಾಲು ಕೊಡ್ತಾರೆ ಅದ್ರಲ್ಲಿ. ಪ್ರತಿ ಹೂದಾನಿ, ಪ್ರತಿ ಮಗ್ಗಲ್ಲೂ ನೀರು ತುಂಬಿ ನ್ಯೂಸ್‌ಪೇಪರ್ ಮೇಲೆ ರಾತ್ರಿಯಿಡೀ ಇಡಿ, ಬೆಳಗ್ಗೆ ಪೇಪರ್ ಒದ್ದೆ ಆಗಿದ್ರೆ ಅದು ಒಣ ಹೂವಿಗೆ ಮಾತ್ರ. ಪ್ರತಿ ಗ್ಲೇಜ್‌ನ ಮೇಲೂ ಒಂದು ಹೋಳು ನಿಂಬೆಹಣ್ಣು ಇಟ್ಟು ರಾತ್ರಿ ಬಿಡಿ, ಬೆಳಗ್ಗೆ ಅಲ್ಲಿ ಬಣ್ಣ ಮಾಸಿದ್ರೆ ಹುಳಿಗೆ ಆ ಗ್ಲೇಜ್ ಕರಗ್ತಿದೆ ಅಂತ ಅರ್ಥ, ನಮ್ಮ ಮನೆಗಳಲ್ಲಿ ಸಾರು, ಮೊಸರು, ಉಪ್ಪಿನಕಾಯಿ ಎಲ್ಲಾ ಹುಳಿನೇ ಅಲ್ವಾ, ಅಂಥದ್ದನ್ನ ಊಟದ ಪಾತ್ರೆ ಅಂತ ಮಾರ್ಬಾರ್ದು. ನಿಂಬೆ ಟೆಸ್ಟ್ ಪಾಸ್ ಆಯ್ತು ಅಂದ ಮಾತ್ರಕ್ಕೆ ಗ್ಲೇಜ್‌ನಲ್ಲಿ ಸೀಸ (ಲೆಡ್ ಅನ್ನೋ ವಿಷದ ಲೋಹ) ಇಲ್ಲ ಅಂತ ಆಗಲ್ಲ, ಅದಕ್ಕೆ ಲ್ಯಾಬ್ ಟೆಸ್ಟೇ ಬೇಕು, ಅದಕ್ಕಿಂತ ಸುಲಭ ಅಂದ್ರೆ ಸೀಸ ಇರೋ ಕಚ್ಚಾವಸ್ತುನೇ ಸ್ಟುಡಿಯೋಗೆ ತರದೆ ಇರೋದು. ಮೈಕ್ರೋವೇವ್‌ಗೆ ಆಗತ್ತಾ ಅಂತ ಎಲ್ರೂ ಕೇಳ್ತಾರೆ, ನೀವೇ ಇಟ್ಟು ನೋಡಿಲ್ಲ ಅಂದ್ರೆ ಆಗತ್ತೆ ಅನ್ಬೇಡಿ, ಚಿನ್ನದ ಗೆರೆ ಇರೋದಂತೂ ಇಡಲೇಬಾರದು. ಕೊನೇದಾಗಿ ತಳ: ಮರಳು ಕಾಗದದಲ್ಲಿ ನೀರು ಹಾಕ್ಕೊಂಡು ಉಜ್ಜಿ, ಜನರ ಡೈನಿಂಗ್ ಟೇಬಲ್ ಗೀಚ್ಬಾರ್ದು.

ಬೆಲೆ

ಅಂದಾಜಿಗೆ ಒಂದು ಬೆಲೆ ಹಾಕೋದು ಬೇಡ, ಒಂದು ಸಲ ಕೂತು ಬರೀರಿ. ಲೆಕ್ಕದ ದಾರಿ ಗೊತ್ತಾಗ್ಲಿ ಅಂತ ಒಂದು ಮಗ್ಗಿಗೆ ಅಂಕಿ ಹಾಕ್ತೀನಿ, ನಿಮ್ಮ ಅಂಕಿ ಬೇರೆ ಇರತ್ತೆ. ಮಣ್ಣು 15 ರೂಪಾಯಿ, ಗ್ಲೇಜ್ 15, ಎರಡು ಸಲ ಸುಡೋಕೆ ಕರೆಂಟು 20, ಮಣ್ಣು ನಾದೋದ್ರಿಂದ ಹಿಡಿದು ತಳ ಉಜ್ಜೋ ತನಕ ಒಟ್ಟು ಮುಕ್ಕಾಲು ಗಂಟೆ ಕೈಕೆಲಸ, ಅದಕ್ಕೆ 150, ಬಾಡಿಗೆ ಮತ್ತೆ ಮೆಷಿನ್ ಸವೆತ 60. ಒಟ್ಟು 260. ನೂರಕ್ಕೆ ಹದಿನೈದು ಎಲ್ಲೋ ಒಂದು ಹಂತದಲ್ಲಿ ಕೆಡತ್ತೆ ಅಂತ ಇಟ್ಕೊಂಡ್ರೆ ಕೈಗೆ ಬಂದ ಒಂದು ಒಳ್ಳೇ ಮಗ್ಗಿನ ಖರ್ಚು 305ರ ಹತ್ರ. ಇದನ್ನ 550ಕ್ಕೆ ಮಾರ್ತೀವಿ ಅನ್ನಿ. ಮೇಳದ ಖರ್ಚು, ಅಂದ್ರೆ ಸ್ಟಾಲ್ ಬಾಡಿಗೆ, ಟೆಂಪೋ, ಸಹಾಯಕ್ಕೆ ಬಂದೋರ ಕೂಲಿ, ಊಟ, ಪ್ಯಾಕಿಂಗ್, ಇದು ನೀವು ನಿರೀಕ್ಷಿಸೋ ಮಾರಾಟದ ಕಾಲು ಭಾಗ ದಾಟಬಾರದು ಅಂತ ನಾವು ಇಟ್ಕೊಂಡಿರೋ ನಿಯಮ. ಕಾಲು ಭಾಗ ಅಂದ್ರೆ ಈ ಮಗ್ಗಿಗೆ 137 ರೂಪಾಯಿ, ಉಳಿಯೋದು 108. ಒಟ್ಟು ಮೇಳದ ಖರ್ಚು 20,000 ಆಗತ್ತೆ ಅಂದ್ರೆ 80,000 ಮಾರಾಟ ಆಗ್ಲೇಬೇಕು, ಎರಡು ದಿನದಲ್ಲಿ ಅಷ್ಟು ಆಗತ್ತಾ ಅಂತ ಅರ್ಜಿ ಹಾಕೋ ಮುಂಚೇನೇ ಪ್ರಾಮಾಣಿಕವಾಗಿ ಕೇಳ್ಕೊಳ್ಳಿ.

ಅದೇ ಮಗ್ಗನ್ನ ಅಂಗಡಿಗೆ ನೂರಕ್ಕೆ ನಲವತ್ತು ಕಮಿಷನ್ ಮೇಲೆ ಕೊಟ್ರೆ ಕೈಗೆ ಬರೋದು 330, ಉಳಿಯೋದು 25. ಐವತ್ತು ಕೇಳೋ ಅಂಗಡಿಗೆ ಕೊಟ್ರೆ ನಷ್ಟವೇ. ಆದ್ರೂ ಮೇಳದಲ್ಲಿ ಒಂದು ಬೆಲೆ, ಅಂಗಡೀಲಿ ಇನ್ನೊಂದು ಬೆಲೆ ಇಡಬೇಡಿ, ಅಂಗಡಿಯವ್ರೂ ಮೇಳಕ್ಕೆ ಬರ್ತಾರೆ. ಮಗ್ಗು ಅಂಗಡಿಗೆ ಕೊಡದೇ ಇರೋದು ಬೇರೆ ವಿಷಯ, ಬೆಲೆ ಮಾತ್ರ ಎಲ್ಲಾ ಕಡೆ ಒಂದೇ ಇರ್ಲಿ.

ಅರ್ಜಿ, ಕಾಗದಪತ್ರ

ಒಳ್ಳೇ ಮೇಳಗಳು ಫೋಟೋ ನೋಡಿ ಆರಿಸ್ತವೆ, ಮಣ್ಣಿನ ಕೆಲಸಕ್ಕೆ ಅಂತ ಇಷ್ಟೇ ಸ್ಟಾಲು ಅಂತ ಮಿತಿ ಇರತ್ತೆ. ಐದು ಫೋಟೋ ಸಾಕು: ಬೂದು ಬಣ್ಣದ ಕಾಗದದ ಮೇಲೆ, ಕಿಟಕಿ ಪಕ್ಕದ ಬೆಳಕಲ್ಲಿ ತೆಗೆದ ಮೂರು ಪೀಸ್, ಕೈಯಲ್ಲಿ ಹಿಡಿದಿರೋ ಒಂದು (ಅಳತೆ ಗೊತ್ತಾಗತ್ತೆ), ಹಳೇ ಸ್ಟಾಲಿಂದು ಅಥವಾ ಮನೇಲೇ ಟೇಬಲ್ ಜೋಡಿಸಿ ತೆಗೆದ ಒಂದು. ಹೂವಿನ ಪರದೆ, ದೀಪದ ಸರ ಎಲ್ಲಾ ಹಿಂದೆ ಇಟ್ಟು ತೆಗೆದ್ರೆ ಪಾತ್ರೆ ಕಾಣಲ್ಲ.

ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡೋ ಪೆಹಚಾನ್ ಅನ್ನೋ ಕುಶಲಕರ್ಮಿ ಗುರುತಿನ ಚೀಟಿ ಇದ್ರೆ ಗಾಂಧಿ ಶಿಲ್ಪ ಬಜಾರ್‌ನಂಥ ಸರ್ಕಾರಿ ಮೇಳಗಳಿಗೆ ದಾರಿ ಆಗತ್ತೆ, ಕೈಯಾರೆ ಮಾಡೋರು ಅರ್ಜಿ ಹಾಕಿ ಮಾಡಿಸ್ಕೊಳ್ಳಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆನೂ ಇದೆ, ತರಬೇತಿ, 15,000 ರೂಪಾಯಿ ತನಕ ಉಪಕರಣಕ್ಕೆ ನೆರವು, ಕಡಿಮೆ ಬಡ್ಡಿ ಸಾಲ ಇದೆ, ಆದ್ರೆ ಅದು ತಲೆತಲಾಂತರದ ಕಸುಬಿನವರನ್ನ ಮನಸಲ್ಲಿಟ್ಟು ಮಾಡಿದ್ದು. ನಮ್ಮಂಥ ಸ್ಟುಡಿಯೋದವ್ರು ಅದಕ್ಕೆ ಕೈ ಚಾಚೋದಕ್ಕಿಂತ ನಿಮಗೆ ಗೊತ್ತಿರೋ ಕುಂಬಾರರ ಮನೆಯವ್ರಿಗೆ ಅರ್ಜಿ ತುಂಬಿಕೊಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಜಿಎಸ್‌ಟಿ ಬಗ್ಗೆ ಚುಟುಕಾಗಿ: ಕರ್ನಾಟಕದೊಳಗೆ ಬರೀ ವಸ್ತು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟೋ ತನಕ ಸಾಮಾನ್ಯವಾಗಿ ನೋಂದಣಿ ಬೇಡ, ಆದ್ರೆ ಕ್ಲಾಸಿನ ಫೀಸು ಸೇವೆ ಆಗತ್ತೆ, ಅದು ಸೇರಿದ್ರೆ ಮಿತಿ 20 ಲಕ್ಷ. ಬೇರೆ ರಾಜ್ಯದ ಮೇಳಕ್ಕೆ ಹೋದ್ರೆ ನಿಯಮ ಬೇರೆ, ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಅದಕ್ಕೆ ಪ್ಯಾನ್, ಇ-ವೇ ಬಿಲ್ (ಮಾಲು ಸಾಗಿಸೋಕೆ ಆನ್‌ಲೈನಲ್ಲಿ ಮಾಡಿಸೋ ಚೀಟಿ) ಅಂತ ಷರತ್ತಿದೆ, ಹೊರಡೋ ಒಂದು ತಿಂಗಳು ಮುಂಚೆ ನಿಮ್ಮ ಆಡಿಟರ್ ಹತ್ರ ಕೂತು ಮಾತಾಡಿ.

ದುಡ್ಡು ಕಟ್ಟೋ ಮುಂಚೆ ಆಯೋಜಕರಿಗೆ ಫೋನ್ ಮಾಡಿ ಕೇಳಿ, ಉತ್ತರನ ವಾಟ್ಸಾಪ್‌ನಲ್ಲಿ ಬರೆದು ಕಳ್ಸೋಕೆ ಹೇಳಿ. ಸ್ಟಾಲ್ ಎಷ್ಟಡಿ, ಟೇಬಲ್ ಕುರ್ಚಿ ಅವ್ರದ್ದಾ, ಮೇಲೆ ಶೀಟಾ ಬಟ್ಟೆನಾ, ನೆಲ ಮಣ್ಣಾ ಕಾಂಕ್ರೀಟಾ, ಕರೆಂಟ್ ಪಾಯಿಂಟ್ ಎಷ್ಟು, ಗಾಡಿ ಸ್ಟಾಲ್ ಹತ್ರ ತನಕ ಬರತ್ತಾ ಎಷ್ಟು ಗಂಟೆ ತನಕ, ರಾತ್ರಿ ಕಾವಲು ಯಾರು, ಬಾಡಿಗೆ ಮೇಲೆ ಕಮಿಷನ್ನೂ ಇದೆಯಾ, ಮಳೆ ಬಂದು ಮೇಳ ನಿಂತ್ರೆ ದುಡ್ಡು ವಾಪಸ್ಸಾ, ಹೆಂಗಸರಿಗೆ ಟಾಯ್ಲೆಟ್ ಎಲ್ಲಿ. ನೆಲದ ಪ್ರಶ್ನೆ ಯಾಕೆ ಕೇಳ್ತೀನಿ ಅಂದ್ರೆ, ಒಂದು ನವೆಂಬರ್ ಮೇಳದಲ್ಲಿ ಮೇಲೆ ಸೂರಿದೆ ಅಂತ ಹೇಳಿದ್ರು, ಸೂರಿತ್ತು ಕೂಡ, ಆದ್ರೆ ರಾತ್ರಿ ಮಳೆಗೆ ನೀರು ಕೆಳಗಿಂದ ಹರಿದು ಬಂದು ಟೇಬಲ್ ಅಡಿ ಇಟ್ಟಿದ್ದ ರಟ್ಟಿನ ಡಬ್ಬಗಳೆಲ್ಲಾ ನೆನೆದು ಹೋಗಿದ್ವು, ಬೆಳಗ್ಗೆ ಬಂದು ಒಂದು ಡಬ್ಬ ಎತ್ತಿದ್ದೇ ತಡ ತಳ ಕಿತ್ಕೊಂಡು ಹದಿನಾಲ್ಕು ಬೌಲ್ ಕಾಲಡೀಲಿ ಚೂರಾದ್ವು. ಎರಡು ತಿಂಗಳ ಕೆಲಸ. ಅವತ್ತಿಂದ ರಟ್ಟು ಬಿಟ್ಟು ಟೊಮೆಟೊ ಸಾಗಿಸೋ ಪ್ಲಾಸ್ಟಿಕ್ ಕ್ರೇಟ್‌ಗೆ ಬಂದ್ವಿ.

ಪ್ಯಾಕಿಂಗ್ ಮತ್ತೆ ಸಾಗಾಟ

ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನೋ ಗಾದೆ ಟೆಂಪೋದಲ್ಲಿ ಪ್ರತಿ ಹಂಪ್‌ಗೂ ನೆನಪಾಗತ್ತೆ. ಕ್ರೇಟ್ ತಳಕ್ಕೆ ಎರಡಿಂಚು ಭತ್ತದ ಹುಲ್ಲು ಅಥವಾ ಹಳೇ ಬೆಡ್‌ಶೀಟು, ಪ್ರತಿ ಪೀಸ್‌ಗೂ ಎರಡು ಸುತ್ತು ನ್ಯೂಸ್‌ಪೇಪರ್, ಮಗ್ಗಿನ ಹಿಡಿಕೆ ಒಳಗಡೆನೂ ಕಾಗದ ತುರುಕಿ, ಮೊದಲು ಮುರಿಯೋದು ಅದೇ. ತಟ್ಟೆಗಳನ್ನ ಮಲಗಿಸಿ ಒಂದರ ಮೇಲೊಂದು ಪೇರಿಸ್ಬೇಡಿ, ಪುಸ್ತಕದಂಗೆ ನಿಲ್ಲಿಸಿ. ತುಂಬಿದ ಕ್ರೇಟನ್ನ ಸ್ವಲ್ಪ ಅಲ್ಲಾಡಿಸಿ ನೋಡಿ, ಒಳಗೆ ಏನಾದ್ರೂ ಕದಲಿದ ಸದ್ದು ಬಂದ್ರೆ ಮತ್ತೆ ಬಿಚ್ಚಿ. ಪ್ರತಿ ಕ್ರೇಟ್ ಮೇಲೂ ಒಳಗೇನಿದೆ ಎಷ್ಟಿದೆ ಅಂತ ಚೀಟಿ. ಒಬ್ಬರೇ ಎತ್ತೋಕೆ ಆಗೋಷ್ಟೇ ತೂಕ, ಹದಿನೈದು ಕೆಜಿ ಒಳಗೆ, ಮೇಳದ ಬೆಳಗ್ಗೆ ಎಲ್ರೂ ಅವರವರ ಗಡಿಬಿಡೀಲಿ ಇರ್ತಾರೆ, ಎತ್ತೋಕೆ ಜೊತೆಗಾರರು ಸಿಗಲ್ಲ.

ಗಿರಾಕಿಗಳಿಗೆ ಕೊಡೋಕೆ ಬೇರೆ ಪೇಪರ್, ಗಟ್ಟಿ ತಳದ ಚೀಲ, ಟೇಪು ಇಟ್ಕೊಳ್ಳಿ. ಬಸ್ಸಲ್ಲಿ ಹೋಗೋರು ಇರ್ತಾರೆ, ಕೇಳಿ ಅದಕ್ಕೆ ತಕ್ಕಂಗೆ ಸುತ್ತಿ ಕೊಡಿ.

ಸ್ಟಾಲ್ ಜೋಡ್ಸೋದು

ಎಲ್ಲಾನೂ ಟೇಬಲ್ ಮೇಲೆ ಚಪ್ಪಟೆಯಾಗಿ ಹರಡಿದ್ರೆ ದೂರದಿಂದ ಏನೂ ಕಾಣಲ್ಲ. ಹತ್ತು ಇಟ್ಟಿಗೆ, ಮೂರು ಹಲಗೆ ಇದ್ರೆ ಸಾಕು, ಮೆಟ್ಟಿಲು ಮೆಟ್ಟಿಲಾಗಿ ಮೂರು ಎತ್ತರ ಮಾಡ್ಕೊಳ್ಳಿ, ನಮ್ಮ ಮನೆಗಳಲ್ಲಿ ದಸರಾ ಗೊಂಬೆ ಕೂರಿಸೋ ಥರನೇ. ಹಿಂದೆ ಎತ್ತರದಲ್ಲಿ ದೊಡ್ಡ ಹೂಜಿ, ಜಾಡಿ, ಕಣ್ಣಿನ ಮಟ್ಟದಲ್ಲಿ ತಟ್ಟೆ ನಿಲ್ಲಿಸಿ, ಮುಂದೆ ಕೈಗೆ ಸಿಗೋ ಹಾಗೆ ಮಗ್ಗು. ಮನೇಲೇ ಒಂದು ಸಲ ಜೋಡಿಸಿ ಫೋಟೋ ತಗೊಂಡಿರಿ, ಅಲ್ಲಿ ಹೋಗಿ ಯೋಚನೆ ಮಾಡೋಕೆ ಟೈಮ್ ಇರಲ್ಲ. ಹಲಗೆ ಅಲ್ಲಾಡಿದ್ರೆ ಅಡಿಗೆ ರಟ್ಟಿನ ಚೂರು ಕೊಟ್ಟು ಗಟ್ಟಿ ಮಾಡಿ, ಒಂದು ಮಗು ಓಡಿ ಬಂದು ಗುದ್ದಿದ್ರೂ ನಿಲ್ಲಬೇಕು. ಟೇಬಲ್ ಬಟ್ಟೆ ನೆಲದ ತನಕ ಇಳಿದಿರ್ಲಿ, ಖಾಲಿ ಕ್ರೇಟ್ ಎಲ್ಲಾ ಅದರ ಹಿಂದೆ, ಬಟ್ಟೆ ಒಂದೇ ಬಣ್ಣದ್ದು. ಲೈಟು ಹಳದಿ ಬೆಳಕಿಂದು, ಟ್ಯೂಬ್‌ಲೈಟ್ ಬೆಳಕಲ್ಲಿ ಕಂದು ಗ್ಲೇಜ್ ಎಲ್ಲಾ ಸತ್ತಂಗೆ ಕಾಣತ್ತೆ.

ಎಲ್ಲಾ 200 ಪೀಸ್ ಒಟ್ಟಿಗೆ ಇಡಬೇಡಿ, ಎಂಬತ್ತು ಇಟ್ಟು ಖಾಲಿ ಆದಂಗೆ ತುಂಬ್ತಾ ಹೋಗಿ. ಬೆಲೆ ಪ್ರತಿ ಪೀಸಿನ ತಳದಲ್ಲೂ ಇರ್ಲಿ, ಮುಂದೆ ಒಂದು ಬೋರ್ಡಲ್ಲಿ ಕನ್ನಡದಲ್ಲೂ ಬರೆದಿರಿ. ಬೆಲೆ ಕಾಣ್ಲಿಲ್ಲ ಅಂದ್ರೆ ತುಂಬಾ ಜನ, ಅದ್ರಲ್ಲೂ ಹಿರಿಯರು, ಕೇಳೋಕೆ ಸಂಕೋಚಪಟ್ಟು ಮುಂದೆ ಹೋಗ್ಬಿಡ್ತಾರೆ. "ಮುಟ್ಟಬೇಡಿ" ಅಂತ ಬೋರ್ಡ್ ಮಾತ್ರ ಹಾಕ್ಬೇಡಿ ದಯವಿಟ್ಟು. ಮಣ್ಣಿನ ಪಾತ್ರೆ ಅರ್ಧ ಮಾರಾಟ ಆಗೋದು ಕೈಗೆ ಅದರ ತೂಕ ಗೊತ್ತಾದಾಗ. ದಿನಕ್ಕೆ ಒಂದೆರಡು ಒಡೀತವೆ, ಅದನ್ನ ಖರ್ಚಿಗೆ ಬರ್ಕೊಳ್ಳಿ, ಒಡೆದೋರ ಮುಖ ಮೊದಲೇ ಪೆಚ್ಚಾಗಿರತ್ತೆ, ದುಡ್ಡು ಕೇಳ್ಬೇಡಿ.

ತಿಗರಿ ಡೆಮೋ ಮಾಡೋ ಆಸೆ ಇದ್ರೆ ಎರಡು ದಿನಕ್ಕೂ ಒಬ್ಬ ಬೇರೆ ಆಳು ಬೇಕು. ತಿಗರಿ ತಿರುಗ್ತು ಅಂದ್ರೆ ಮಕ್ಕಳ ಗುಂಪು ಸೇರತ್ತೆ, ಅದು ನೋಡೋಕೇ ಖುಷಿ, ಆದ್ರೆ ಕೈ ಕೆಸರಾಗಿರೋರು ಯುಪಿಐ ನೋಡೋಕೆ, ಪ್ಯಾಕ್ ಮಾಡೋಕೆ ಆಗಲ್ಲ. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಸಾಕು, ಸ್ಟಾಲ್‌ನ ಪಕ್ಕಕ್ಕೆ ಇಡಿ, ಮುಂದೆ ಇಟ್ರೆ ಕೊಳ್ಳೋರಿಗೆ ದಾರಿ ಇರಲ್ಲ.

ಕ್ಯೂಆರ್ ಕೋಡ್ ಎರಡು ಪ್ರಿಂಟು, ಸೌಂಡ್ ಬಾಕ್ಸು, ಎರಡು ಬೇರೆ ಕಂಪನಿ ಸಿಮ್ಮು (ಜನ ಜಾಸ್ತಿ ಆದಾಗ ನೆಟ್‌ವರ್ಕ್ ಬೀಳತ್ತೆ), ಎರಡು ಸಾವಿರಕ್ಕೆ ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ, ಬಿಲ್ ಬುಕ್ಕು, ಕತ್ತರಿ, ಟಾರ್ಪಾಲ್, ಎಕ್ಸ್‌ಟೆನ್ಷನ್ ಬಾಕ್ಸು, ಬ್ಯಾಂಡೇಜು, ಮನೆಯಿಂದ ಚಿತ್ರಾನ್ನ.

ಮಾತು, ಚೌಕಾಸಿ

"ರೋಡ್ ಸೈಡಲ್ಲಿ ಐವತ್ತಕ್ಕೆ ಸಿಗತ್ತಲ್ಲಾ" ಅನ್ನೋದು ದಿನಕ್ಕೆ ಇಪ್ಪತ್ತು ಸಲ ಕೇಳ್ತೀರ. ಅದಕ್ಕೆ ಕೋಪ ಮಾಡ್ಕೊಳ್ಳೋದೂ ಬೇಡ, ರೋಡ್ ಸೈಡಿಂದು ಕಳಪೆ ಅನ್ನೋದಂತೂ ಬೇಡವೇ ಬೇಡ. ಬೆಂಗಳೂರಿನ ಪಾಟರಿ ಟೌನ್‌ನಲ್ಲೋ ಹಳ್ಳೀಲೋ ಕುಂಬಾರರು ಮಾಡೋ ಮಡಕೆ ಸಾವಿರ ಡಿಗ್ರಿಗಿಂತ ಕೆಳಗೆ ಸುಟ್ಟ ಮಣ್ಣು, ಅದರ ಮೈಯಿಂದ ನೀರು ಜಿನುಗಿ ಆರೋದ್ರಿಂದಲೇ ಒಳಗಿನ ನೀರು ತಂಪಾಗೋದು, ನಮ್ಮ ಸ್ಟೋನ್‌ವೇರ್‌ಗೆ ಆ ಗುಣ ಇಲ್ಲ. ಇದು 1,200 ದಾಟಿ ಸುಟ್ಟಿದ್ದು, ಮಣ್ಣು ಕಲ್ಲಿನಂಗೆ ಬಿಗಿಯಾಗಿದೆ, ಬಿಸಿ ಕಾಫಿ, ಹುಳಿ ಸಾರು, ದಿನಾ ತೊಳೆಯೋದು ಎಲ್ಲಾ ತಡ್ಕೊಳ್ಳತ್ತೆ. ಎರಡರ ಕೆಲಸ ಬೇರೆ ಬೇರೆ ಅಂತ ಹೇಳಿ, ಜನಕ್ಕೆ ಅರ್ಥ ಆಗತ್ತೆ, ಎಷ್ಟೋ ಜನ ಆಸಕ್ತಿಯಿಂದ ಕೂತು ಕೇಳ್ತಾರೆ. ಹಬ್ಬದ ಮೇಳದಲ್ಲಿ ಪಕ್ಕದಲ್ಲೇ ಕುಂಬಾರರು ಹಣತೆ ಇಟ್ಕೊಂಡು ಕೂತಿದ್ರೆ ನಾವು ಅಗ್ಗದ ಹಣತೆ ಇಡಲ್ಲ, ಹಣತೆ ಕೇಳ್ಕೊಂಡು ಬಂದೋರನ್ನ ಅವ್ರ ಹತ್ರ ಕಳಿಸ್ತೀವಿ. ಈ ಕಸುಬನ್ನ ಸಾವಿರಾರು ವರ್ಷ ಉಳಿಸಿದೋರು ಅವ್ರು.

ಚೌಕಾಸಿಗೆ ನಮ್ಮ ಪದ್ಧತಿ: ಒಂದು ಪೀಸ್‌ಗೆ ಬೆಲೆ ಇಳಿಸಲ್ಲ, ಆರರ ಸೆಟ್ ತಗೊಂಡ್ರೆ ಸ್ವಲ್ಪ ಬಿಡ್ತೀವಿ, ಇದನ್ನ ಬೋರ್ಡಲ್ಲೇ ಬರೆದಿರ್ತೀವಿ. ಕೊನೇ ದಿನ ಸಂಜೆ ಬೆಲೆ ಇಳಿಸೋದೂ ಇಲ್ಲ, ಬೆಳಗ್ಗೆ ಪೂರ್ತಿ ದುಡ್ಡು ಕೊಟ್ಟು ತಗೊಂಡೋರಿಗೆ ಅದು ಅನ್ಯಾಯ.

ಜನ ಹೇಳೋದನ್ನ ಒಂದು ಪುಸ್ತಕದಲ್ಲಿ ಬರ್ಕೊಳ್ಳಿ, ಅಲ್ಲೇ, ಆಗಲೇ. ಒಂದು ಸಲ ಒಬ್ಬರು ಅಜ್ಜಿ ನಮ್ಮ ಮುಚ್ಚಳದ ಜಾಡಿ ಕೈಗೆ ತಗೊಂಡು "ಇದ್ರಲ್ಲಿ ಮೊಸರು ಹೆಪ್ಪು ಹಾಕ್ಬೋದೇನವ್ವಾ" ಅಂದ್ರು. ಹಾಕ್ಬೋದು ಅಜ್ಜಿ ಅಂದೆ. ಒಳಗೆ ಕೈ ಹಾಕೋಕೆ ನೋಡಿದ್ರು, ಹೋಗ್ಲಿಲ್ಲ. "ಕೈ ಹೋಗ್ದೆ ಇದ್ರೆ ತೊಳ್ಯೋದ್ ಹೆಂಗವ್ವಾ" ಅಂತ ಕೆಳಗಿಟ್ಟು ಹೋದ್ರು. ಮುಂದಿನ ಮೇಳಕ್ಕೆ ಬಾಯಿ ಅಗಲ ಮಾಡಿ, ಕಂಠ ಗಿಡ್ಡ ಮಾಡಿ, ಮೊಸರು ಗಡಿಗೆ ಅಂತಲೇ ಹೆಸರಿಟ್ಟು ತಂದ್ವಿ, ಈಗ ನಮ್ಮಲ್ಲಿ ಮಗ್ಗಿನಷ್ಟೇ ಹೋಗೋದು ಅದು.

ಗ್ಯಾಲರಿ ಶೋಗೆ ಬೇರೆ ಏನು

ಇಲ್ಲಿ ತಯಾರಿ ಹತ್ತು ವಾರಕ್ಕೆ ಆಗಲ್ಲ, ಆರು ತಿಂಗಳು ಇಟ್ಕೊಳ್ಳಿ. ಒಂದೇ ವಿಷಯ ಹಿಡಿದು ಇಪ್ಪತ್ತು ಮಾಡಿ ಹತ್ತು ಆರಿಸಿ. ಜೊತೆಗೆ ಒಂದು ಪುಟದ ಬರಹ ಕೇಳ್ತಾರೆ, ನೀವು ಯಾಕೆ ಇದನ್ನ ಮಾಡ್ತಿದೀರ ಅಂತ. ಮೊದಲು ಕನ್ನಡದಲ್ಲೇ, ನಿಮ್ಮ ತಾಯಿಗೆ ಹೇಳೋ ಥರ ಬರೀರಿ, ಆಮೇಲೆ ಬೇಕಾದ್ರೆ ಇಂಗ್ಲಿಷ್ ಮಾಡಿ. "ಪ್ರಕೃತಿಯಿಂದ ಸ್ಫೂರ್ತಿ" ಅಂತ ಎಲ್ರೂ ಬರೀತಾರೆ, ಅದರ ಬದಲು ಯಾವ ಕೆರೆ, ಯಾವ ಬಿರುಕು ಬಿಟ್ಟ ನೆಲ ಅಂತ ಹೇಳಿ.

ಗೋಡೆಗೆ ತೂಗೋ ಕೆಲಸ ಆದ್ರೆ ಮಣ್ಣು ಇನ್ನೂ ಗಟ್ಟಿಯಾಗ್ತಿರೋ ಹಂತದಲ್ಲೇ ಹಿಂದೆ ತೂತು ಅಥವಾ ಕೊಂಡಿ ಮಾಡಿ, ಸುಟ್ಟ ಮೇಲೆ ಡ್ರಿಲ್ ಮಾಡೋಕೆ ಹೋಗಿ ಬಿರುಕು ಬಿಟ್ರೆ ಆರು ತಿಂಗಳು ಹೋಯ್ತು. ತೂಕ ಬರೆದು ಗ್ಯಾಲರಿಗೆ ಮುಂಚೆ ಕಳ್ಸಿ, ಗೋಡೆ ಇಟ್ಟಿಗೇದಾ ಪ್ಲೈವುಡ್ಡಾ ಅಂತ ಕೇಳಿ. ಪೀಠದ ಮೇಲೆ ಇಡೋದಕ್ಕೆ ತಳದಲ್ಲಿ ಮೂರು ಕಡೆ ಮ್ಯೂಸಿಯಂ ಪುಟ್ಟಿ ಅನ್ನೋ ಅಂಟು ಮೇಣ ಹಚ್ಚಿ. ಚೀಟೀಲಿ ಹೆಸರು, ವರ್ಷ, ಮಾಧ್ಯಮ, ಅಳತೆ.

ಕೊಡೋ ಮುಂಚೆ ಕಾಗದದ ಮೇಲೆ ಬರೆಸ್ಕೊಳ್ಳಿ: ಎಷ್ಟು ಕಮಿಷನ್ (ಮೂವತ್ತರಿಂದ ಐವತ್ತು ಪರ್ಸೆಂಟ್ ಕೇಳೋದು ಸಾಮಾನ್ಯ), ಮಾರಾಟ ಆದ ಎಷ್ಟು ದಿನಕ್ಕೆ ದುಡ್ಡು, ಅಲ್ಲಿರೋವಾಗ ಒಡೆದ್ರೆ ಯಾರು ಕೊಡ್ತಾರೆ, ವಾಪಸ್ ಸಾಗಾಟದ ಖರ್ಚು ಯಾರದ್ದು, ಶೋ ಮುಗಿದ ಮೇಲೆ ಎಷ್ಟು ದಿನ ಇಟ್ಕೋಬೋದು. ಒಪ್ಪಿಸೋ ದಿನ ಪ್ರತಿ ಕೆಲಸದ ನಾಲ್ಕೂ ಕಡೆ ಫೋಟೋ ತೆಗೆದು, ಪಟ್ಟಿಗೆ ಅವ್ರ ಸಹಿ ಹಾಕ್ಸಿ. ಸ್ನೇಹಿತರ ಗ್ಯಾಲರಿ ಆದ್ರೂ ಇದು ಬೇಕು, ಸ್ನೇಹ ಉಳಿಯೋದೇ ಇದರಿಂದ. ಒಂದು ಪೀಸ್ ಮಾತ್ರ ಮುಟ್ಟೋಕೆ ಅಂತ ಇಡೋಕೆ ಒಪ್ಪಿಸಿ, ಗ್ಯಾಲರೀಲೂ ಜನ ಬೆರಳಿಂದ ನೋಡ್ಲಿ.

ಮುಗಿದ ಮೇಲೆ

ಮೇಳ ಮುಗಿದ ಮಾರನೇ ದಿನ ಸುಸ್ತಿದ್ರೂ ಉಳಿದ ಮಾಲು ಎಣಿಸಿ. ಯಾವ ಬಣ್ಣ ಹೋಯ್ತು, ಯಾವ ಅಳತೆ ವಾಪಸ್ ಬಂತು, ಎಷ್ಟು ಒಡೀತು, ಒಟ್ಟು ಖರ್ಚು ಎಷ್ಟು ಎಲ್ಲಾ ಒಂದೇ ಪುಟದಲ್ಲಿ ಬರೀರಿ, ವಾರ ಕಳೆದ್ರೆ ಮರೆತು ಹೋಗತ್ತೆ. ಆರ್ಡರ್ ಕೊಟ್ಟೋರಿಗೆ ಮೂರು ದಿನದೊಳಗೆ ಫೋನ್ ಮಾಡಿ, ಅರ್ಧ ಅಡ್ವಾನ್ಸ್ ತಗೊಳ್ಳಿ, ಒಂದು ಬಣ್ಣದ ತುಂಡು ತೋರಿಸಿ ಒಪ್ಪಿಸಿ, ಗ್ಲೇಜ್ ಪ್ರತಿ ಸಲ ಕೂದಲೆಳೆ ಬೇರೆ ಬರತ್ತೆ ಅಂತ ಮುಂಚೇನೇ ಹೇಳಿ. ದಿನಾಂಕ ಕೇಳಿದ್ರೆ ಆರು ವಾರ ಅನ್ನಿ. ನಾಲ್ಕು ವಾರಕ್ಕೆ ಆಗತ್ತೆ ಅಂತ ನಿಮಗೆ ಗೊತ್ತಿದ್ರೂ ಆರೇ ಅನ್ನಿ, ಕ್ಲಾಸಿನ ಮಕ್ಕಳ ಪೀಸ್‌ಗಳು ಎರಡು ತಿಂಗಳಿಂದ ಕಿಲ್ನ್ ಸರದಿ ಕಾಯ್ತಾ ಕಪಾಟಲ್ಲಿ ಕೂತಿರ್ತವೆ, ಮೊದಲು ಅವು ಸುಡ್ಬೇಕು.